ಮೂವತ್ತೊಂದನೇ ಹಾಳೆಯ ಚುಕ್ಕೆ

"ಇದೊಂದು ಚುಕ್ಕೆ ಅಳಿಸಿಬಿಡಮ್ಮ," ಎಂದು ಗಂಗಾಧರ್ ಮೇಷ್ಟ್ರು ಮೂವತ್ತೊಂದನೇ ಹಾಳೆಯ ಪಕ್ಕಕ್ಕೆ ರಬ್ಬರು ತಳ್ಳಿದರು. "ಉಪಗ್ರಹದ ಚಿತ್ರದಲ್ಲೇ ಇಲ್ದಿರೋದು ನಿನ್ನ ದೂರದರ್ಶಕಕ್ಕೆ ಹೆಂಗೆ ಕಂಡಾತು?"

ಅಂಬರೀನ್ ರಬ್ಬರು ಮುಟ್ಟಲಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಲವತ್ತು ದಿನ ಅವಳು ಸೂರ್ಯನ ಕಲೆಗಳನ್ನು ಬರೆದಿದ್ದಳು. ಶಿಡ್ಲಘಟ್ಟದ ಮನೆಯ ತಾರಸಿಯಲ್ಲಿ ಸಣ್ಣ ದೂರದರ್ಶಕ ಇಟ್ಟು, ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ, ಕಂಡ ಕಲೆಯನ್ನೆಲ್ಲ ಪೆನ್ಸಿಲಿನಲ್ಲಿ ಗುರುತಿಸುವುದು. ಆಮೇಲೆ ಉಪಗ್ರಹ ತೆಗೆದ ಚಿತ್ರದ ಜೊತೆ ಹೋಲಿಸುವುದು. ಕೆಳಗೆ ರೇಷ್ಮೆಗೂಡು ಬೇಯಿಸುವ ಒಲೆ ಹೊತ್ತಿದರೆ ಹೊಗೆಗೆ ಬಿಂಬ ನಡುಗುತ್ತಿತ್ತು. ಅದಕ್ಕೇ ಅವಳ ಅಬ್ಬಾ ಉಸ್ಮಾನ್ ಸಾಬ್ ಅಷ್ಟೂ ದಿನ ಗೊಣಗುತ್ತಲೇ ಅರ್ಧ ಗಂಟೆ ತಡವಾಗಿ ಒಲೆ ಹಚ್ಚಿದ್ದರು.

"ಗಾಜಿನ ಮೇಲಿನ ಧೂಳಿರ್ಬೇಕು," ಎಂದರು ಮೇಷ್ಟ್ರು.

"ಅಲ್ಲ ಸಾರ್. ಗಾಜು ತಿರುಗಿಸಿ ನೋಡಿದ್ದೆ. ಧೂಳಾಗಿದ್ರೆ ಜೊತೆಗೇ ತಿರುಗ್ತಿತ್ತು, ಇದು ಅಲ್ಲಾಡ್ಲಿಲ್ಲ." ಅವಳು ಫೋನು ಮುಂದೆ ಹಿಡಿದಳು. "ನೀವು ಹೋಲಿಸಿದ್ದು ಅವತ್ತಿನ ಸಂಜೆ ಚಿತ್ರ. ನಾನು ಬರೆದಿದ್ದು ಬೆಳಿಗ್ಗೆ ಎಂಟು ನಲವತ್ತಕ್ಕೆ. ಅದೇ ಹೊತ್ತಿನ ಚಿತ್ರ ಹುಡುಕ್ದೆ. ನೋಡಿ, ಇದೆ. ಸಂಜೆ ಹೊತ್ತಿಗೆ ಕರಗಿಹೋಗಿದೆ."

ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಚಿತ್ರ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ಅವಳಿಗೆ ಎದೆ ಹಗುರಾಯಿತು.

"ಐತೆ, ನಿಜ," ಎಂದರು. "ಆದ್ರೆ ಸಂಜೆ ಚಿತ್ರಕ್ಕೆ ಹೋಲಿಸಿ ನಾನು ಮಾಡಿದ ಕಲೆಗಳ ಪಟ್ಟಿಗೆ ಪ್ರಿನ್ಸಿಪಾಲರ ಸಹಿ ಆಗಿ, ಬೈಂಡಿಂಗಿಗೂ ಹೋಗೈತೆ. ಒಂದು ಚುಕ್ಕೆಗೋಸ್ಕರ ಮತ್ತೆ ಅವ್ರ ಬಾಗಿಲಲ್ಲಿ ನಿಂತ್ಕೊಳ್ಲಾ? ಹಾಳೇನೇ ಪಟ್ಟಿಗೆ ಸರಿ ಮಾಡ್ಬಿಡು. ಯಾರು ನೋಡ್ತಾರೆ?"

ಚುಕ್ಕೆ ಇಲ್ಲವೇ ಇಲ್ಲ ಎಂದು ಮೇಷ್ಟ್ರು ವಾದಿಸಿದ್ದರೂ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೋಡಿ, ಒಪ್ಪಿ, ಅಳಿಸು ಎನ್ನುತ್ತಿದ್ದಾರೆ.

"ನಾನು ನೋಡಿದೀನಲ್ಲ ಸಾರ್."

ಚೀಲದಿಂದ ಪೆನ್ನು ತೆಗೆದು, ಪೆನ್ಸಿಲ್ ಚುಕ್ಕೆಯ ಪಕ್ಕದಲ್ಲಿ ತಾರೀಖು, ಹೊತ್ತು ಬರೆದಳು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

"ಮಾರ್ಕ್ಸ್ ಹೋಗುತ್ತೆ ಕಣಮ್ಮ," ಎಂದರು ಮೇಷ್ಟ್ರು, ಈ ಸಲ ಮೆತ್ತಗೆ.

ಅವಳು ಹಾಳೆಯ ಮೇಲೆ ಬಾಗಿ, ಶಾಯಿ ಒಣಗಲೆಂದು ಮೆಲ್ಲಗೆ ಊದುತ್ತಿದ್ದಳು.