ಗಾಳಿ ಕೆಡವಿದ ಫಟಫಟಿಗೆ ಹೊಣೆ ಯಾರು?

ಗಾಡಿ ಓಡಿಸಲು ಕಲಿತವರು ಊರ ತುಂಬ ಇದ್ದಾರೆ. ನಿಲ್ಲಿಸಲು ಕಲಿತವರು ಎಷ್ಟು ಮಂದಿ? ಓಣಿಯಲ್ಲಿ ನಿಲ್ಲಿಸಿದ ಗಾಡಿ ಗಾಳಿಗೆ ಬಿದ್ದು ನೆರೆಯವರ ಸಾಮಾನು ಮುರಿದರೆ ಸಾಕು, "ನಾ ಏನ್ ಮಾಡ್ಲಿ, ಗಾಳಿ ಕೆಡವೇತಿ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ನಮ್ಮ ಹತ್ತಿಮತ್ತೂರಿನಲ್ಲಿ ಆ ಮಾತನ್ನು ಮೊದಲು ಆಡಿದವನು ಗುದ್ಲೆಪ್ಪ. ಮೊದಲು ಹಿಂದಕ್ಕೆ ತೆಗೆದುಕೊಂಡವನೂ ಅವನೇ. ಅದಕ್ಕೇ ಅವನ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇನೆ.

ಅದು ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ. ದೊಡ್ಡ ಯುದ್ಧ ಮುಗಿದಿತ್ತು. ದಂಡಿನವರಿಗೆ ಬೇಡವಾದ ಗಾಡಿಗಳನ್ನು ಸರಕಾರ ಲಿಲಾವಿನಲ್ಲಿ ಕೂಗಿ ಮಾರಿತು. ಆ ವರ್ಷ ಹತ್ತಿ ಚೆನ್ನಾಗಿ ಬೆಳೆದಿದ್ದ ಗುದ್ಲೆಪ್ಪ ಬೆಳಗಾವಿಗೆ ಹೋಗಿ ಒಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ತಂದೇ ಬಿಟ್ಟ. ಊರಿಗೆ ಊರೇ ಎದೆ ಉಬ್ಬಿಸಿತು. ಬೀಗರು ಬಂದರೆ ಕೈಕಾಲಿಗೆ ನೀರು ಕೊಡುವುದನ್ನೂ ಮರೆತು ಮೊದಲು ಫಟಫಟಿ ತೋರಿಸುತ್ತಿದ್ದರು.

ಗುದ್ಲೆಪ್ಪ ಅದನ್ನು ಎದುರುಮನೆಯ ದರ್ಜಿ ಖಾದರಸಾಬ ಕೂತು ಹೊಲಿಯುವ ಕಟ್ಟೆಗೆ ಒತ್ತಿ ನಿಲ್ಲಿಸುತ್ತಿದ್ದ. ಚಾವಡಿಗೆ ಹೋಗಿ ಬರುವವರ ಕಣ್ಣಿಗೆ ಬೀಳುವ ಜಾಗ ಅದು. ಜನ ನೋಡಬೇಕು, ಆದರೆ ಕೆಟ್ಟ ಕಣ್ಣು ಬಿದ್ದು ನೆದರು ಹತ್ತಬಾರದು! ಅದಕ್ಕಾಗಿ ಹೊಸ ಮಣ್ಣು ಹಾಕಿಸಿ, ದಿನಾ ಸಗಣಿ ಸಾರಿಸಿ, ಅದರ ಮೇಲೆ ಗಾಡಿ ನಿಲ್ಲಿಸಿದ. ಮೇಲೆ ದೊಡ್ಡ ಜಮಖಾನ ಹೊದಿಸಿ, ಅದರ ಮೂಲೆಗಳನ್ನು ಗಾಲಿಗೆ ಕಟ್ಟಿದ. ಯಾರಾದರೂ ಬಹಳ ಕೇಳಿಕೊಂಡರೆ ಒಂದು ಅಂಚು ಎತ್ತಿ, ಮದುಮಗಳ ಮುಖ ತೋರಿಸಿದ ಹಾಗೆ ದೀಪವನ್ನಷ್ಟೇ ತೋರಿಸುತ್ತಿದ್ದ.

"ಇದು ಗಾಳಿ ಕಾಲರಿ," ಎಂದಳು ಹೆಂಡತಿ ಸಾವಂತ್ರವ್ವ. "ಬಣವಿಗೆ ಹಗ್ಗ ಬಿಗದೀರಿ, ಇದಕ್ಕೇನೂ ಬ್ಯಾಡೇನು?"

"ಬಣವಿ ಹುಲ್ಲಿಂದು, ಇದು ಕಬ್ಬಿಣದ್ದು. ಹಾರಿ ಹೋಗತೈತೇನ?" ಎಂದು ಗುದ್ಲೆಪ್ಪ ನಕ್ಕುಬಿಟ್ಟ.

ವೈಶಾಖದ ಒಂದು ಮಧ್ಯಾಹ್ನ ಮಳೆಗೆ ಮುಂಚಿನ ಗಾಳಿ ಎದ್ದಿತು. ಜಮಖಾನ ಉಬ್ಬಿತು. ಗಾಡಿಯ ಕಬ್ಬಿಣದ ಕಾಲು ಹಸಿ ಮಣ್ಣಿನಲ್ಲಿ ಕುಸಿಯಿತು. ಫಟಫಟಿ ದಡಾರನೆ ಕಟ್ಟೆಯ ಮೇಲೆ ಬಿತ್ತು. ಖಾದರಸಾಬ ನೀರು ಕುಡಿಯಲು ಒಳಗೆ ಹೋಗಿದ್ದರಿಂದ ಜೀವ ಉಳಿಯಿತು. ಹೊಲಿಗೆ ಮಷೀನು ಮಾತ್ರ ಎರಡು ತುಂಡಾಯಿತು.

ಊರಿಗೆಲ್ಲ ಅದೊಂದೇ ಮಷೀನು. ಖಾದರಸಾಬನ ಮನೆಯ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ. ಅವನು ಬಾಗಿ ತುಂಡುಗಳನ್ನು ಆರಿಸತೊಡಗಿದ. ಅವನ ಹೆಂಡತಿ ಗೌಸಬಿ ಅತ್ತಳು: "ನಮ್ಮ ಕೈ ಮುರದಂಗಾತು. ಇನ್ನ ಊರು ಬಿಟ್ಟು ಹುಬ್ಬಳ್ಳಿ ಗಿರಣಿ ಸೇರೂದ ಗತಿ."

ಜನ ಕೂಡಿದರು. ಎಲ್ಲರೂ ತನ್ನ ಮುಖವನ್ನೇ ನೋಡುವುದನ್ನು ಕಂಡು ಗುದ್ಲೆಪ್ಪ ಬಿರುಸಾದ.

"ನಾ ಕೈಲೆ ನೂಕೇನೇನು? ಗಾಳಿ ಕೆಡವೇತಿ. ಫಿರ್ಯಾದಿ ಕೊಡೂದಿದ್ರ ಗಾಳಿ ಮ್ಯಾಲ ಕೊಡ್ರಿ!"

ಅಷ್ಟರಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಮನೋರಮಾ ಅಕ್ಕಾರು ಬಂದರು. ಸವಣೂರಿನ ರಾಘಣ್ಣ ವಕೀಲರ ಮಗಳು. ತಂದೆ ಕಕ್ಷಿದಾರರಿಗೆ ಬುದ್ಧಿ ಹೇಳುವುದನ್ನು ಕೇಳುತ್ತಲೇ ಬೆಳೆದವರು.

"ಗಾಳಿ ಊರಿಗೆಲ್ಲಾ ಬೀಸೇದ, ಗುದ್ಲೆಪ್ಪನವರ," ಎಂದರು. "ಬಿದ್ದದ್ದು ನಿಮ್ಮ ಗಾಡಿ ಒಂದ."

"ಹಂಗಾರ ಗಾಳಿಗೆ ಏನ ಬಿದ್ರೂ ಮಾಲಕನ ಹೊಣಿಯೇನ್ರಿ ಅಕ್ಕಾರ?"

"ಅಲ್ಲ. ಯಾರೂ ಎಣಿಸಲಾರದಂಥಾ ಬಿರುಗಾಳಿ ಬಂದು, ಎಲ್ಲಾ ಜ್ವಾಕಿ ಜತನ ಮಾಡಿದ ಮ್ಯಾಲೂ ಬಿದ್ರ, ನಿಮ್ಮ ತಪ್ಪು ಅನ್ನಾಕ ಬರೂದಿಲ್ಲ. ಆದ್ರ ಇದು ವರ್ಷಾ ಬರೋ ಗಾಳಿ. ಬರತದ ಅಂತ ಗೊತ್ತಿದ್ದೂ ಜ್ವಾಕಿ ಮಾಡದಿದ್ರ ಹೊಣಿ ನಿಲ್ಲಿಸಿದವರದು."

"ಜ್ವಾಕಿ ಮಾಡಿಲ್ಲೇನ್ರಿ? ಕೂಸಿಗೆ ಹೊದಿಸಿದಂಗ ಜಮಖಾನ ಹೊದಿಸೇನಿ!"

ಅಕ್ಕಾರು ಸಿಟ್ಟಾಗಲಿಲ್ಲ. "ಅದನ್ನ ಬಿಚ್ಚರಿ. ಎರಡು ಮೂಲಿ ಹಿಡದು, ಕೈ ಅಗಲಿಸಿ ಓಣಿ ನಡುವ ನಿಂದರ್ರಿ ನೋಡೋಣ."

ಗುದ್ಲೆಪ್ಪ ಗರಡಿಯಲ್ಲಿ ಪಳಗಿದ ಆಳು. ಮೀಸೆ ತೀಡಿ, ಜಮಖಾನ ಹರಡಿ ನಿಂತ. ಗಾಳಿ ಬೀಸಿತು. ತೂರಾಡಿದ. ಕಾಲು ಊರಿ ಮತ್ತೆ ನಿಂತ. ಇನ್ನೊಂದು ಗಾಳಿ ಬಂದದ್ದೇ ತಡ, ಅವನು ಹಾಕಿಸಿದ ಮಣ್ಣಿನಲ್ಲಿ ಅವನೇ ಕುಕ್ಕರಿಸಿದ. ಹೆಂಗಸರು ನಕ್ಕರು. ಸಾವಂತ್ರವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು, ಆದರೂ ನಗು ಕೇಳಿಸಿತು.

ಗುದ್ಲೆಪ್ಪ ಕೂಡಲೇ ಏಳಲಿಲ್ಲ. ಗಾಡಿಯ ಕಾಲು ಹೂತು ಬಿದ್ದಿದ್ದ ಕುಳಿಯನ್ನು ನೋಡಿದ. ಕಟ್ಟೆಯ ಮೇಲೆ ಅಳುತ್ತಿದ್ದ ಗೌಸಬಿಯನ್ನು ನೋಡಿದ. ಅವನಿಗೆ ಬಹಳ ನಾಚಿಕೆಯಾಯಿತು. ಎದ್ದು ಹೋಗಿ ಖಾದರಸಾಬನ ಕೈ ಹಿಡಿದ.

"ಮಾಮಾ, ಗಾಡಿ ನಂದು. ಇಲ್ಲಿ ನಿಲ್ಲಿಸಿದಾಂವ ನಾ. ಹೊಣಿನೂ ನಂದ. ನಾಳೆ ಇಬ್ರೂ ಹುಬ್ಬಳ್ಳಿಗೆ ಹೋಗೂನು. ಗಿರಣಿಗಲ್ಲ, ಮಷೀನ ತರಾಕ."

ಖಾದರಸಾಬ ಆಗ ಮೊದಲ ಸಲ ಬಾಯಿ ಬಿಟ್ಟ. "ಫಟಫಟಿ ಮ್ಯಾಲ ಹೋಗೂದಾದ್ರ ಗಾಳಿ ನೋಡ್ಕೊಂಡು ಹೊರಡೂನಪಾ."

ಹೊಸ ಮಷೀನು ಬಂತು. ಖಾದರಸಾಬ ಊರು ಬಿಡಲಿಲ್ಲ. ಫಟಫಟಿ ಅಂದಿನಿಂದ ಗುದ್ಲೆಪ್ಪನ ಹಿತ್ತಲಿನ ಹಾಸುಗಲ್ಲಿನ ಮೇಲೆ, ಗೋಡೆಯ ಮರೆಯಲ್ಲಿ, ಕಂಬಕ್ಕೆ ಬಿಗಿದು ನಿಂತಿತು. ಮೇಲೆ ಒಂದು ಚಿಂದಿಯೂ ಇಲ್ಲ. ಆಮೇಲೆ ಹಾನಗಲ್ಲು, ಹಂಸಭಾವಿ ಕಡೆಯಿಂದ ತಾವೂ ಗಾಡಿ ಕೊಳ್ಳಬೇಕೆಂದು ಜನ ಕೇಳಲು ಬಂದರೆ, ಗುದ್ಲೆಪ್ಪ ಎದೆ ಸೆಟೆಸಿ ಹೇಳುತ್ತಿದ್ದ: "ಗಾಡಿ ಆಮ್ಯಾಲ ನೋಡ್ರೆಪಾ. ಮೊದಲ ನಿಲ್ಲಿಸಿದ್ದು ನೋಡ್ರಿ!" ಫಟಫಟಿ ತಂದಾಗ ಹತ್ತಿಮತ್ತೂರು ಹೆಮ್ಮೆಪಟ್ಟದ್ದು ಗಾಡಿಯ ಬಗ್ಗೆ. ಅವನು ಹೊಣೆ ಹೊತ್ತಾಗ ಹೆಮ್ಮೆಪಟ್ಟದ್ದು ಅವನ ಬಗ್ಗೆ.

ಅಣ್ಣಗಳಿರಾ, ಅಕ್ಕಗಳಿರಾ, ಈಗ ನಿಮ್ಮ ಮನೆಯ ಮುಂದೆಯೂ ಗಾಡಿ ಇದೆ. ಗಟ್ಟಿ ನೆಲ ನೋಡಿ ನಿಲ್ಲಿಸಿ. ಗಾಳಿ ಹಿಡಿಯುವ ಹೊದಿಕೆ ಹಾಕಬೇಡಿ. ಮಂದಿ ಕೂರುವ, ಮಕ್ಕಳು ಆಡುವ ಜಾಗದಿಂದ ದೂರ ಇಡಿ. ಇಷ್ಟರ ಮೇಲೂ ಬಿದ್ದರೆ, ನಷ್ಟವಾದವರು ನಿಮ್ಮ ಬಾಗಿಲಿಗೆ ಬರುವ ಮೊದಲು ನೀವೇ ಅವರ ಬಾಗಿಲಿಗೆ ಹೋಗಿ. ಗಾಳಿ ಬಂದು "ತಪ್ಪಾಯಿತು" ಎನ್ನುವುದಿಲ್ಲ. ಅದನ್ನು ಹೇಳಲು ಮನುಷ್ಯರೇ ಬೇಕು.