ಏಲಕ್ಕಿ ವಾಸನೆಯ ಲಸಿಕೆ ಡಬ್ಬಿ

ಲಸಿಕೆಯ ಡಬ್ಬಿ ಕುಲ್ಫಿ ಅಂಗಡಿಯೊಳಗೆ ಹೋಯಿತೆಂದು ಆಶಾ ಕಾರ್ಯಕರ್ತೆ ಝಾನ್ಸಿ ಫೋನು ಮಾಡಿದಾಗ, ನರ್ಸ್ ಶಿವಗಂಗಾ ಅಂಗನವಾಡಿಯ ಕಟ್ಟೆಯ ಮೇಲೆ ಚಾಪೆ ಹಾಸುತ್ತಿದ್ದಳು.

“ಖರೇ ನೋಡಿದೇನು?”

“ಬಸ್ಸಿನ್ಯಾಗ ಕುಂತು ಕಣ್ಣಾರೆ ನೋಡೀನಿ, ಅಕ್ಕಾ. ಲಕ್ಷ್ಮಣ್ ಆಟೋ ನಿಂದ್ರಿಸಿ ಡಬ್ಬಿ ಎತ್ಕೊಂಡು ಒಳಗ ಹೋದ. ಅದು ಅವನ ಭಾವನ ಅಂಗಡಿ.”

ಶಿವಗಂಗಾಳಿಗೆ ಕಸಿವಿಸಿಯಾಯಿತು. ಆಟೋದಲ್ಲಿ ಲಸಿಕೆ ತರಿಸುವುದು ಅವಳದೇ ಯೋಜನೆ. ಇಷ್ಟು ದಿನ ಜೀಪು ದಾಮರಗಿದ್ದದ ಸುತ್ತಲಿನ ಊರುಗಳಿಗೆಲ್ಲ ಡಬ್ಬಿ ಇಳಿಸಿ ಇಲ್ಲಿಗೆ ಬರುವಷ್ಟರಲ್ಲಿ ತಾಯಂದಿರು ಹೊಲ ಸೇರಿರುತ್ತಿದ್ದರು. ಲಕ್ಷ್ಮಣನ ಆಟೋ ಹೇಗೂ ಬೆಳಿಗ್ಗೆ ನಾರಾಯಣಪೇಟೆಯಿಂದ ಖಾಲಿ ಬರುತ್ತದೆ, ಅದರಲ್ಲೇ ತರಿಸೋಣ ಎಂದು ಮೇಲಿನವರನ್ನು ಒಪ್ಪಿಸಿದ್ದಳು. ಇಂದೇ ಮೊದಲ ದಿನ. ಇವತ್ತೇ ಕೂಲಿಯವರ ಬಸ್ಸು ಬೆಂಗಳೂರಿಗೆ ಹೊರಡುವುದಿತ್ತು. ಗಂಡನೊಡನೆ ಕೂಲಿಗೆ ಹೊರಟಿದ್ದ ನವನೀತಾಳ ಕೂಸಿಗೆ ಈಗ ಸೂಜಿ ಬೀಳದಿದ್ದರೆ ಮುಂದೆ ಯಾವ ಕಟ್ಟಡದ ಯಾವ ಶೆಡ್ಡಿನಲ್ಲಿ ಅದನ್ನು ಹುಡುಕುವುದು?

ನವನೀತಾಳ ಅತ್ತೆ ಚನ್ನವೀರಮ್ಮನ ಕಿವಿಗೆ ಫೋನಿನ ಮಾತು ಬಿದ್ದಿತ್ತು. “ತಂಪು ಡಬ್ಬಿ ಐತಲ್ಲ, ಕುಲ್ಫಿ ತುಂಬಿ ಮಾರಾಕ ಬೇಷ್ ಆತು ಬಿಡು.”

“ನೋಡೂಣು ತಡೀಬೇ,” ಎಂದಳು ಶಿವಗಂಗಾ. ಅವಳ ಅನುಮಾನವೂ ಅದೇ ಆಗಿತ್ತು.

ಆಟೋ ಬಂತು. ಲಕ್ಷ್ಮಣ್ ಡಬ್ಬಿಯನ್ನು ಎದೆಗವಚಿಕೊಂಡು ಇಳಿದ.

“ದಾರ್ಯಾಗ ಎಲ್ಲೆರ ನಿಂತಿದ್ದೇನು, ತಮ್ಮಾ?”

“ಎಲ್ಲೂ ಇಲ್ರೀ, ನರ್ಸಮ್ಮ.”

ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ. ಇವನು ನೆಟ್ಟಗೆ ನೋಡಿಯೇ ಹೇಳಿದ. ಅವಳಿಗೆ ಅದೇ ಹೆಚ್ಚು ಅಂಜಿಕೆ ತಂದಿತು.

ಮುಚ್ಚಳ ತೆಗೆದರೆ ಗಮ್ಮನೆ ಏಲಕ್ಕಿ ವಾಸನೆ. ಕುಲ್ಫಿ ಮಾತ್ರ ಇರಲಿಲ್ಲ. ನಾರಾಯಣಪೇಟೆಯ ಲಸಿಕೆ ಸ್ಟೋರಿನವರು ಇಟ್ಟುಕೊಡುವ ಐಸ್ ಪ್ಯಾಕುಗಳ ಜಾಗದಲ್ಲಿ, ಅಂಗಡಿಯಲ್ಲಿ ಮಾರುವ ನೀರಿನ ಪ್ಯಾಕೆಟ್ಟುಗಳು ಕಲ್ಲಿನಂತೆ ಹೆಪ್ಪುಗಟ್ಟಿ ಕುಳಿತಿದ್ದವು. ನಡುವಿನ ಸೀಸೆಯೊಂದನ್ನು ಎತ್ತಿ ಓರೆ ಮಾಡಿದಳು. ಒಳಗಿನ ಮದ್ದು ಅಲುಗಲಿಲ್ಲ.

ಅಷ್ಟರಲ್ಲಿ ಚನ್ನವೀರಮ್ಮ ಆಟೋದ ಸೀಟು ಎತ್ತಿ ನೋಡಿದ್ದಳು. ಟವೆಲ್ಲಿನಲ್ಲಿ ಸುತ್ತಿದ ಸ್ಟೋರಿನ ಪ್ಯಾಕುಗಳು ಅಲ್ಲಿದ್ದವು.

“ಸಿಕ್ಕ ನೋಡ್ರಿ ಕಳ್ಳ!”

“ಕಳ್ಳ ನಾನಲ್ಲಬೇ!” ಲಕ್ಷ್ಮಣ್ ಸಿಡಿದ. “ಸ್ಟೋರಿನ ಕರಿಬಸಯ್ಯನ್ನ ಕೇಳ್ರಿ. ಕಲ್ಲಿನಂಥ ಬರಫ್ ಹೊರಗ ತೆಗದಿಟ್ಟು, ನನ್ನ ಮುಂದನ ಚಾ ಕುಡಕೋತ ಕುಂತ. ಅವು ಬೆವರಿ ನೀರಾಗಾಕ ಹತ್ತಿದ ಮ್ಯಾಲ ತುಂಬಿ ಕೊಟ್ಟ. ಆಟೋದವನಿಗೆ ಇಷ್ಟ ಸಾಕು ಅಂತ! ಮದ್ದು ಕೆಟ್ರ ಹೆಸರು ಯಾರದು? ಅದಕ್ಕ ಭಾವನ ಕುಲ್ಫಿ ಫ್ರಿಜ್ಜಿನ್ಯಾಗಿನ ಗಟ್ಟಿವು ಹಾಕ್ಕೊಂಡು ಬಂದೆ.”

“ಹಂಗಾದ್ರ ಸುಳ್ಳ್ಯಾಕ ಹೇಳಿದಿ?”

“ಅವ ನಿಮ್ಮ ಆಫೀಸಿನವ. ನನ್ನ ಮಾತು ನಂಬ್ತಿದ್ರೇನು?”

ಶಿವಗಂಗಾ ಟವೆಲ್ಲು ಬಿಚ್ಚಿದಳು. ಬೆವರಿದ ಪ್ಯಾಕೊಂದನ್ನು ಅವನ ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ನೀರು ಕುಲುಕಿತು. “ಈ ಸಪ್ಪಳ ಬರಲಿ ಅಂತನ ಅವ ಹೊರಗಿಟ್ಟಿದ್ದು, ತಮ್ಮಾ. ಈ ಮದ್ದು ಬಿಸಿಗೂ ಕೆಡ್ತೈತಿ, ಹೆಪ್ಪುಗಟ್ಟಿದ್ರೂ ಕೆಡ್ತೈತಿ.”

ಲಕ್ಷ್ಮಣನ ಮುಖ ಇಳಿಯಿತು. ರಸ್ತೆ, ಹೊತ್ತು, ಬಾಡಿಗೆ ಎಲ್ಲವನ್ನೂ ಶಿವಗಂಗಾ ಯೋಚಿಸಿದ್ದಳು. ತರುವವನಿಗೆ ಹೇಳಬೇಕಾದ ಈ ಒಂದು ಮಾತು ಬಿಟ್ಟುಹೋಗಿತ್ತು.

“ಕರಗಿಸಿ ಹಾಕಿಬಿಡ್ರಿ ಅಕ್ಕಾ,” ಎಂದಳು ನವನೀತಾ. “ಇನ್ನೊಂದು ತಾಸಿಗೆ ಬಸ್ಸು ಬರ್ತೈತಿ.”

“ಕರಗಿದ್ರೂ ಬರಂಗಿಲ್ಲವ್ವ. ಕೆಟ್ಟಿದ್ದು ಕೆಟ್ಟಂಗ.”

ಬೇರೆ ಡಬ್ಬಿ ತರುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು. ಶಿವಗಂಗಾ ರಸ್ತೆಯತ್ತ ನೋಡಿದಳು. ಆ ಬಸ್ಸು ಹೋಗುವುದೂ ನಾರಾಯಣಪೇಟೆಯ ಮೇಲೆಯೇ.

“ಗಂಡಸ್ರು ಗಂಟು ತೊಗೊಂಡು ಬಸ್ಸಿನ್ಯಾಗ ಬರ್ಲಿ. ಕೂಸಿನ ತಾಯಂದ್ರು ಈಗ ಆಟೋ ಹತ್ರಿ, ನಾನೂ ಬರ್ತೀನಿ. ಅಲ್ಲೇ ಸೂಜಿ ಹಾಕಿಸ್ಕೊಂಡು ಬಸ್ಸು ಹಿಡೀರಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಒಂದು ಮದ್ದು ಕೆಟ್ಟಿದೆ, ಇನ್ನೊಂದು ಹೇಗಿದೆಯೋ! ಚನ್ನವೀರಮ್ಮ ಸೆರಗು ಬಿಗಿದು, ಲಕ್ಷ್ಮಣನ ಪಕ್ಕದಲ್ಲೇ ಹೋಗಿ ಕುಳಿತಳು. “ನಡಿಯಪ್ಪ. ಆ ಅಂಗಡಿ ಮುಂದ ಬ್ರೇಕ್ ಒತ್ತಿದ್ರ ನೋಡು ಮತ್ತ.”

ನಾರಾಯಣಪೇಟೆಯಲ್ಲಿ, ಸ್ಟೋರಿನ ವರಾಂಡಾದಲ್ಲೇ ಸೂಜಿ ಹಾಕಲೆಂದು ಕರಿಬಸಯ್ಯ ಹೊಸ ಡಬ್ಬಿ ತುಂಬಬೇಕಿತ್ತು. ಪ್ಯಾಕುಗಳನ್ನು ಮೇಜಿನ ಮೇಲೆ ಇಟ್ಟು, “ಚಾ ಕುಡೀತಿಯೇನೋ?” ಎಂದ. ಲಕ್ಷ್ಮಣ್ ಬೇಡವೆಂದು ತಲೆಯಾಡಿಸಿ, ಪ್ಯಾಕುಗಳ ಮೇಲೆಯೇ ಕಣ್ಣಿಟ್ಟು ಕುಳಿತ. ಅವು ಬೆವರಿದ ಮೇಲೆ ಒಂದೊಂದನ್ನೂ ಕಿವಿಗೆ ಹಿಡಿದು ಅಲುಗಿಸಿದ.

“ಹಾಂ, ಈಗ ತುಂಬ್ರಿ.”

“ನೀ ಯಾವಾಗ ಸಾಹೇಬ ಆದಿ?” ಎಂದ ಕರಿಬಸಯ್ಯ.

ತುಂಬಿದ ಡಬ್ಬಿ ಹೊರಗೆ ಬಂದಾಗ ಶಿವಗಂಗಾ ಮುಚ್ಚಳ ತೆಗೆದಳು, ನವನೀತಾ ಕೂಸಿನ ತೊಡೆಯ ಮೇಲಿನ ಬಟ್ಟೆ ಸರಿಸಿದಳು. ಚನ್ನವೀರಮ್ಮ ಕೈ ಅಡ್ಡ ಹಿಡಿದಳು. ಬಗ್ಗಿ, ಡಬ್ಬಿಯೊಳಗೆ ಮೂಗು ಇಟ್ಟು, ಎರಡು ಸಲ ಉಸಿರೆಳೆದಳು.

“ಏಲಕ್ಕಿ ವಾಸನಿ ಇಲ್ಲ. ಹಾಕ್ರಿ ಇನ್ನ.”

ಕೂಸು ಚೀರಿತು.