ಅರ್ಧ ಮಿಲಿಮೀಟರು

ಐದೂವರೆ, ಕ್ಯಾಲಿಪರ್ ಐದೂವರೆ ಅನ್ನುತ್ತಿದೆ, ಇರಲಾರದು, ಸೊನ್ನೆಯೇ ಸರಿಯಿಲ್ಲವೇನೋ — ಅವಳು ಅದರ ಬಾಯಿ ಮುಚ್ಚಿ ಸೊನ್ನೆ ನೋಡಿಕೊಂಡು ಮತ್ತೆ ಪಟ್ಟಿಗೆ ಕಚ್ಚಿಸಿದಳು, ಐದೂವರೆಯೇ, ಆ ತುದಿ ಐದೂವರೆ, ಈ ತುದಿ ಐದೂವರೆ, ಆರಿರಬೇಕು, ಅಪ್ಪನ ಅಚ್ಚಿನಲ್ಲಿ ಆರು ಅಂದರೆ ಆರು, ಗಿಟಾರಿನ ಕತ್ತನ್ನು ಮಲಗಿಸಿ ಬುಡ ಕೊಯ್ಯುವ ಈ ಇಳಿಜಾರು ಹಲಗೆಯನ್ನು ಮಾಡಲು ಅಪ್ಪ ಒಂದು ವಾರ ಊಟ ನಿದ್ದೆ ಬಿಟ್ಟಿದ್ದರು, ಹಲಗೆಯ ಒಂದು ತುದಿಯ ಕೆಳಗೆ ಈ ಪಟ್ಟಿ, ಇಳಿಜಾರೆಲ್ಲ ಇದರ ದಪ್ಪದ್ದೇ ಆಟ, ಹನ್ನೊಂದು ವರ್ಷ ಗೋಡೆಯ ಮೊಳೆಗೆ ನೇತಾಡಿದ್ದನ್ನು ಇವತ್ತು ಇಳಿಸಿದ್ದು ಅಳತೆ ತೆಗೆಯುವುದಕ್ಕೆ ಅಷ್ಟೇ, ತಮ್ಮನ ಮಗಳಿಗೆ ಪುಟ್ಟ ಗಿಟಾರು, ಪುಟ್ಟ ಗಿಟಾರಿಗೆ ಪುಟ್ಟ ಅಚ್ಚುಗಳು, ಪಕ್ಕೆ ಬಗ್ಗಿಸುವ ಅಚ್ಚು ನಿನ್ನೆಯೇ ಮುಗಿದಿದೆ, ನಾಲ್ಕಕ್ಕೆ ತಮ್ಮ ನೋಡಲು ಬರುತ್ತಾನೆ, ಈಗ ಮೂರೂವರೆ, ಅಷ್ಟರಲ್ಲಿ ಇದೊಂದನ್ನು — ಪಟ್ಟಿಯ ಅಂಚಿನಲ್ಲಿ ಪದರ ಪದರ, ಪ್ಲೈವುಡ್ಡು, ಅಪ್ಪ ಅಚ್ಚಿಗೆ ಪ್ಲೈವುಡ್ ಬಳಸಿದವರೇ ಅಲ್ಲ, ಅದರ ಮೇಲೆ ಪೆನ್ಸಿಲಿನಲ್ಲಿ ೬, ಬಾಲ ಸುತ್ತಿಕೊಂಡ ಆರು, ಆರರ ಬಾಲವನ್ನು ಹೀಗೆ ಸುತ್ತುವುದು ಈ ಮನೆಯಲ್ಲಿ ಒಬ್ಬಳೇ. ಅಯ್ಯೋ. ಅಯ್ಯಯ್ಯೋ. ಅಚ್ಚು ಹೊಸದಿದ್ದಾಗ ಅಪ್ಪ ಮರ ನೋಡಲು ಎರಡು ದಿನ ಹೋಗಿದ್ದರು, ಅವಳು ಗುಡಿಸುತ್ತಿದ್ದಳು, ಪೊರಕೆಯ ಹಿಡಿ ತಾಗಿ ಅಚ್ಚು ನೆಲಕ್ಕೆ, ಪಟ್ಟಿ ಎರಡು ಹೋಳು, ಅಪ್ಪನ ಬಾಯಿಗೆ ಬಿದ್ದರೆ ಉಳಿಗಾಲವುಂಟೇ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಿದ್ದಳು, ಆರು ಎಂಎಂ ಇದು, ಕಣ್ಣು ಮುಚ್ಕೊಂಡು ತಗೊಂಡ್ಹೋಗಮ್ಮ ಅಂದಿದ್ದ ಅಂಗಡಿಯವನು, ಕಣ್ಣು ಮುಚ್ಚಿಕೊಂಡೇ ತಂದಳು ಮಹಾರಾಯ್ತಿ, ಅಳೆಯಲಿಲ್ಲ, ಕೊಯ್ದಳು, ಅಂಟಿಸಿದಳು, ಜಾಣೆಯ ಹಾಗೆ ಮೇಲೊಂದು ಆರು ಬರೆದಳು. ಪ್ಲೈವುಡ್ಡಿನವರ ಆರು ಆರಲ್ಲ, ಉಜ್ಜಿ ನಯ ಮಾಡುವಾಗಲೇ ಅರ್ಧ ಹೋಗಿರುತ್ತದೆ, ಇವತ್ತು ಯಾರು ಕೇಳಿದರೂ ಪಾಠ ಹೇಳಿಯಾಳು.

ಅರ್ಧ ಮಿಲಿಮೀಟರು, ಎರಡು ಕಾಗದ ಮಡಿಸಿಟ್ಟಷ್ಟು, ಬುಡದಲ್ಲಿ ಅಷ್ಟು ತಪ್ಪಿದರೆ ತಂತಿ ಹೊರುವ ಕುದುರೆಯ ಹತ್ತಿರ ಎರಡೂವರೆ, ತಂತಿ ಮೇಲೆದ್ದು ನಿಲ್ಲುತ್ತದೆ, ಒತ್ತಿದರೆ ಬೆರಳು ಕೊಯ್ಯುತ್ತೆ ಕಣ್ರೀ, ಇದನ್ನ ನುಡಿಸೋದಾ ಇಲ್ಲಾ ತರಕಾರಿ ಹೆಚ್ಚೋದಾ — ಅಂದಿದ್ದು ಮೊದಲ ಗಿಟಾರು ವಾಪಸ್ಸು ತಂದ ಸಂಗೀತದ ಮೇಷ್ಟ್ರು, ಆಮೇಲೆ ಎರಡನೆಯದು ಬಂತು, ಮೂರು, ನಾಲ್ಕು, ನಾಲ್ಕರ ಕತ್ತೂ ತಮ್ಮ ಕೂರಿಸಿದ್ದು, ಪಕ್ಕೆ ಬಗ್ಗಿಸುವುದು ಅವಳ ಪಾಲು, ಕತ್ತು ಅವನ ಪಾಲು, ಅಪ್ಪ ತಾವು ಮಾಡುವ ಗಿಟಾರಿನ ಕತ್ತನ್ನು ಅಚ್ಚಿಲ್ಲದೆ ಕೈಯಲ್ಲೇ ಕೊಯ್ಯುವವರು, ಅಚ್ಚು ಮಾಡಿದ್ದು ಕಲಿಯುವ ಮಗನಿಗೆ, ಅವರದು ಒಂದೂ ವಾಪಸ್ಸು ಬರಲಿಲ್ಲ, ಬರುವುದಾದರೂ ಹೇಗೆ. ಅಚ್ಚಲ್ಲೇ ಏನೋ ಇದೆ ಅಪ್ಪಾ, ಅಂದ ತಮ್ಮ, ಹೌದೌದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದರು ಅಪ್ಪ, ಆದರೂ ನ್ಯಾಯವಂತರು, ಅವಳ ಕಡೆ ತಿರುಗಿ ಕೇಳಿಯೇ ಕೇಳಿದರು, ಅಚ್ಚನ್ನ ಯಾರಾದ್ರೂ ಮುಟ್ಟಿದ್ರೇನಮ್ಮಾ, ಇಲ್ಲಪ್ಪ ಅಂದಳು, ಸುಳ್ಳು ಹೇಳುತ್ತಿದ್ದೇನೆ ಅಂತ ಅನಿಸಲೇ ಇಲ್ಲ, ಅಳತೆ ಅದೇ ಇದೆಯಲ್ಲ, ಆರಕ್ಕೆ ಆರು, ಸುಮ್ಮನೆ ಬೈಸಿಕೊಳ್ಳುವುದು ಯಾಕೆ — ನೆಲ ಡೊಂಕಿತ್ತು ಅಪ್ಪಾ, ನಿಜಕ್ಕೂ ಡೊಂಕಿತ್ತು, ಡೊಂಕು ಮಾಡಿದವಳು ನಿಮ್ಮ ಪಕ್ಕದಲ್ಲೇ ನಿಂತು ಕಾಫಿ ಬಗ್ಗಿಸಿ ಕೊಡುತ್ತಿದ್ದಳು. ಇನ್ನು ಮೇಲೆ ಮರ ಮುಟ್ಟಬೇಡ ನೀನು, ಅಂದರು ಅಪ್ಪ, ಆಗ ತಮ್ಮ ಉಳಿಗೆ ಕೈ ಚಾಚಿದ್ದ, ಕೈ ಅಲ್ಲೇ ನಿಂತಿತು, ಮೇಜಿಗೂ ತಾಗದೆ ಹಿಂದಕ್ಕೂ ಹೋಗದೆ ಒಂದು ಗೇಣು ಮೇಲೆ, ಆಮೇಲೆ ಅದನ್ನು ಬೇರೆ ಯಾರದೋ ವಸ್ತುವನ್ನು ತೆಗೆದಿಡುವವನಂತೆ ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಈಗ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುತ್ತಾನೆ, ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು, ನನ್ ಕೈಗೆ ಇದೇ ಸರಿ ಬಿಡಕ್ಕ ಅಂತ ನಗುತ್ತಾನೆ, ಅವಳೂ ನಕ್ಕಿದ್ದಾಳೆ, ಪಾಪಿ, ಪ್ರತಿ ಸಲವೂ ನಕ್ಕಿದ್ದಾಳೆ, ಅಪ್ಪ ಹೋಗಿ ಮೂರು ವರ್ಷ, ಅವನಿಗೆ ಈ ಕೆಲಸದ ಕೈಯಿಲ್ಲ ಅಂದುಕೊಂಡೇ ಹೋದರು, ಯಾರಿಗೆ ಹೇಳುವುದು, ಹೇಳದಿದ್ದರೆ ಕೇಳುವವರು ಯಾರು, ಪಟ್ಟಿ ಕಿತ್ತು ಒಲೆಗೆ ಹಾಕಿದರೆ ಎರಡು ನಿಮಿಷದ ಬೂದಿ — ಕೈ ಉಳಿಯ ಮೇಲಿದೆ, ಯಾವಾಗ ಎತ್ತಿಕೊಂಡಳೋ, ಉಳಿಯ ಬಾಯಿ ಪಟ್ಟಿಯ ಸಂದಿಗೆ ಹೋಗಿದೆ, ಇನ್ನೊಂದು ಏಟು ಸಾಕು, ಗೇಟು ಕಿರುಗುಟ್ಟುತ್ತದೆ, ಇನ್ನೂ ಹತ್ತು ನಿಮಿಷವಿತ್ತಲ್ಲೋ ನಿನಗೆ, ಅಕ್ಕಾ ಒಳಗಿದ್ದೀಯಾ, ಚಪ್ಪಲಿ ಬಿಡುವ ಸದ್ದು, ಬಾಗಿಲಲ್ಲಿ ತಮ್ಮ, ಕಿವಿಯ ಪಕ್ಕ ನರೆತ ಕೂದಲು, ಯಾಕೆ ಹಿಂಗ್ ಬೆವರ್ತಿದ್ದೀಯ, ಹುಷಾರಿಲ್ವಾ, ಹೇಳೇ ಪಾಪಿ, ಈಗಲಾದರೂ ಹೇಳು, ಹನ್ನೊಂದು ವರ್ಷ ಅವನದು, ನಿನ್ನದಲ್ಲ, ಉಳಿ ಕೆಳಗೆ ಬಿತ್ತು, ಅವಳು ಅಚ್ಚನ್ನೂ ಕ್ಯಾಲಿಪರನ್ನೂ ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು, ಈ ಪಟ್ಟಿ ಅಳೆದು ನೋಡೋ, ನಾನು ಹಾಕಿದ್ದು, ನೀನೇ ಅಳೆದು ನೋಡು, ಅವನು ಅವಳ ಮುಖ ನೋಡಿದ, ಅಚ್ಚು ನೋಡಿದ, ಅರ್ಥವಾಗಲಿಲ್ಲ, ಜೇಬಿನಿಂದ ಕೈ ತೆಗೆದು ಚಾಚಿದ, ಕೈ ಹಲಗೆಯ ಮೇಲೆ ಬಂದು ನಿಂತಿತು, ಮುಟ್ಬಹುದಾ ಅಕ್ಕಾ, ಅಂದ, ಹನ್ನೊಂದು ವರ್ಷದ ಮೇಲೆ, ತಾನು ಆಡಿ ಬೆಳೆದ ಮೇಜಿನ ಮುಂದೆ ನಿಂತು, ಮುಟ್ಬಹುದಾ, ಹಲಗೆ, ಅದರ ಮೇಲೆ ಕೈ, ನಡುವೆ ಒಂದು ಗೇಣು, ಆ ಕೈ, ಒಂದು ಗೇಣು ಮೇಲೆ, ಆ ಕೈ —